ಸದರಿ ನಾಯಿ

ಗುಮಾಸ್ತ ಹೆದರುತ್ತಿದ್ದ ವಸ್ತುಗಳ ಪಟ್ಟಿ ಉದ್ದವಾದದ್ದು. ಹಲ್ಲಿ, ಮೇಲಧಿಕಾರಿಯ ಕೆಮ್ಮು, ಹೊತ್ತಲ್ಲದ ಹೊತ್ತಿನಲ್ಲಿ ಹೊಡೆಯುವ ಕರೆಗಂಟೆ, ಗುರುತಿಲ್ಲದ ನಂಬರಿನಿಂದ ಬರುವ ಫೋನು, ಏಣಿಯ ಮೂರನೆಯ ಮೆಟ್ಟಿಲು. ಆದರೆ ಇವೆಲ್ಲ ಚಿಲ್ಲರೆ ಭಯಗಳು. ಇಡುಗಂಟಿನ ಭಯ ಒಂದೇ, ಅದು ನಾಯಿ. ದೂರದಲ್ಲಿ ಒಂದು ಬಾಲ ಅಲ್ಲಾಡಿದರೆ ಸಾಕು, ಅವನಿಗೆ ತಟ್ಟನೆ ಚಪ್ಪಲಿ ಹೊಲಿಸುವುದು ನೆನಪಾಗಿ ಪಕ್ಕದ ಬೀದಿಗೆ ತಿರುಗಿಬಿಡುತ್ತಿದ್ದ. ಚಪ್ಪಲಿ ಹರಿದಿದೆಯೋ ಇಲ್ಲವೋ ಅದು ಬೇರೆ ಮಾತು.

ಈ ಗುಟ್ಟನ್ನು ಅವನು ನಲವತ್ನಾಲ್ಕು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ. ಹೆಂಡತಿಗೆ ಅನುಮಾನವಿತ್ತು, ಆದರೆ ಪುರಾವೆ ಇರಲಿಲ್ಲ. ಹತ್ತು ವರ್ಷದ ಮಗಳಿಗಂತೂ ಸುಳಿವೇ ಇಲ್ಲ ಎಂದು ಅವನು ನಂಬಿದ್ದ. ಇಡೀ ಲೋಕದಲ್ಲಿ ತನ್ನನ್ನು ಧೈರ್ಯಸ್ಥ ಎಂದು ತಿಳಿದಿರುವ ಜೀವ ಅದೊಂದೇ. ಅವಳೂ ಕೈಬಿಟ್ಟರೆ ತಾನು ಯಾವ ಮುಖ ಇಟ್ಟುಕೊಂಡು ಕನ್ನಡಿ ಮುಂದೆ ಗಡ್ಡ ಹೆರೆಯುವುದು ಎಂಬುದು ಅವನ ಚಿಂತೆಯಾಗಿತ್ತು.

ಅಂಥವನು ಬೇಲಿ ಮೇಲೆ ಹೋಗುತ್ತಿದ್ದ ಓತಿಕ್ಯಾತವನ್ನು ತಾನಾಗಿ ಕರೆದು ಕಿವಿಗೆ ಬಿಟ್ಟುಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ. ಹೆಂಡತಿಯ ತಮ್ಮ ಬಂದಿದ್ದ. ಫೋನಿನಲ್ಲಿ ತನ್ನ ಹೊಸ ನಾಯಿಯ ಚಿತ್ರ ಹಿಡಿದು, ಊಟಕ್ಕೆ ಮುಂಚೆ ನಲವತ್ತು, ಊಟವಾದ ಮೇಲೆ ನಲವತ್ತು ತೋರಿಸಿದ. ಗುಮಾಸ್ತ ಚಿತ್ರದಲ್ಲಿನ ನಾಯಿಗೂ ಸ್ವಲ್ಪ ಹಿಂದೆ ಸರಿದೇ ಕೂತಿದ್ದ. ಅದನ್ನು ಮೈದುನ ಗಮನಿಸಿದ.

"ಭಾವ, ನಿಮ್ಮಂಥವರಿಗೆ ಮೀನೇ ಸರಿ. ಗಾಜಿನ ತೊಟ್ಟಿಯೊಳಗೆ ಇರುತ್ತೆ, ಮೈಮೇಲೆ ಬೀಳಲ್ಲ" ಅಂದ.

ಮಗಳು ಅಲ್ಲೇ ಕೂತು ಲೆಕ್ಕ ಮಾಡುತ್ತಿದ್ದಳು. ಗುಮಾಸ್ತನಿಗೆ ಎಲ್ಲಿತ್ತೋ ರೋಷ. ನಿನ್ನದು ಸೋಂಬೇರಿ ಜಾತಿ, ನಾನು ತಂದರೆ ಕುರಿಮಂದೆ ಕಾಯುವ ಚುರುಕಿನ ಜಾತಿಯೇ ತರುವುದು, ದಿನಕ್ಕೆ ಎರಡು ಗಂಟೆ ಓಡಿಸದಿದ್ದರೆ ಅದಕ್ಕೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಕ್ಷೌರದಂಗಡಿಯ ಹಳೇ ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು ತಲೆಯೆತ್ತಿ ಅವನನ್ನೇ ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ತರೋಣಪ್ಪಾ" ಅಂದಳು.

ಮುಂದಿನ ಭಾನುವಾರ ಮೂವರೂ ಊರಾಚೆಯ ನಾಯಿಮನೆಯಲ್ಲಿದ್ದರು. ಅದರ ಒಡತಿ ಗಟ್ಟಿಮುಟ್ಟಾದ ಹೆಂಗಸು. ಅವಳ ಅಂಗಿಯ ಎಡತೋಳನ್ನು ಯಾವುದೋ ನಾಯಿ ಎಂದೋ ತಿಂದಿತ್ತು. ತಂತಿ ಜಾಲರಿಯ ಹಿಂದೆ ಕಪ್ಪು ಬಿಳುಪಿನ ಒಂದು ನಾಯಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡುತ್ತ ಇವರನ್ನೇ ದಿಟ್ಟಿಸುತ್ತಿತ್ತು. ಹತ್ತು ನಿಮಿಷದಲ್ಲಿ ನೋಡಿದರೆ ಮೂವರೂ ಅಂಗಳದ ನಲ್ಲಿ ಮೂಲೆಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಅಲ್ಲಿಗೆ ಹೇಗೆ ಬಂದೆವು ಎಂದು ಮೂವರಿಗೂ ತಿಳಿಯಲಿಲ್ಲ.

"ನಿಮ್ಮನ್ನ ಮಂದೆ ಕಟ್ಟಿದೆ" ಅಂದಳು ಒಡತಿ. "ಕೆಲಸ ಕೊಡದಿದ್ರೆ ಮನೇಲೂ ಹೀಗೇ ಮಾಡುತ್ತೆ."

ಅವಳು ಗುಮಾಸ್ತನನ್ನು ಮನೆ ಎಷ್ಟು ದೊಡ್ಡದು, ಸಂಬಳ ಎಷ್ಟು ಎಂದೇನೂ ಕೇಳಲಿಲ್ಲ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ, ದಿನದಲ್ಲಿ ಎಷ್ಟು ಹೊತ್ತು ಕೂತಿರುತ್ತೀರಿ ಎಂದಷ್ಟೇ ಕೇಳಿದಳು. ಕಚೇರಿಯಲ್ಲಿ ಎಂಟು ಗಂಟೆ, ಬಸ್ಸಿನಲ್ಲಿ ಎರಡು, ಮನೆಯಲ್ಲಿ ಉಳಿದದ್ದು ಎಂಬುದೇ ನಿಜವಾದ ಉತ್ತರ. ಅವನು ತನ್ನದು ಬಹಳ ಓಡಾಟದ ಕೆಲಸ ಅಂದ. ಹೆಂಡತಿ ಆಕಾಶ ನೋಡಿದಳು.

ಒಡತಿಗೆ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಅವಳದ್ದು ಒಂದು ಕಟ್ಟುನಿಟ್ಟಿನ ಪದ್ಧತಿ. ಕೊರಳಪಟ್ಟಿ ಸಮೇತ ಒಂದು ಕೆಂಪು ಹಗ್ಗ ಕೊಟ್ಟಳು, ಮೂವತ್ತು ಚೌಕದ ಒಂದು ಹಾಳೆ ಕೊಟ್ಟಳು. ನಾಯಿ ಕೊಡಲಿಲ್ಲ. ಹದಿನೈದು ದಿನ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಈ ಬರಿ ಹಗ್ಗ ಹಿಡಿದು ನಾಯಿ ಎಳೆದ ವೇಗದಲ್ಲಿ ನಡೆಯಬೇಕು. ನಡೆದಾಗಲೆಲ್ಲ ಒಂದು ಚೌಕ ತುಂಬಬೇಕು. ಒಂದು ಚೌಕ ಖಾಲಿ ಉಳಿದರೂ ನಾಯಿ ಇಲ್ಲ. ಹದಿನೈದನೇ ದಿನ ತಾನೇ ಮನೆಗೆ ಬಂದು ನೋಡುವುದಾಗಿ ಹೇಳಿದಳು.

ವಾಪಸ್ ಬರುವಾಗ ಗುಮಾಸ್ತನಿಗೆ ಬಸ್ಸಿನಲ್ಲಿ ಹಾಡು ಬರುವುದೊಂದು ಬಾಕಿ. ನಾಯಿ ಇಲ್ಲದ ನಾಯಿಗಿಂತ ಒಳ್ಳೆಯ ನಾಯಿ ಉಂಟೇ? ಮೂರನೇ ದಿನ ಕಾಲು ಉಳುಕಿತು ಅಂದರಾಯಿತು. ಚೌಕ ಖಾಲಿ, ನಾಯಿ ರದ್ದು, ಮರ್ಯಾದೆ ಭದ್ರ. ಆದರೆ ಮರುದಿನ ಬೆಳಿಗ್ಗೆ ಐದೂವರೆಗೆ ಬಾಗಿಲಲ್ಲಿ ಮಗಳು ಬೂಟು ಹಾಕಿಕೊಂಡು, ಹಾಳೆ ಪೆನ್ಸಿಲು ಹಿಡಿದು ನಿಂತಿದ್ದಳು. ಮೂರನೇ ದಿನ ಕಾಲು ಉಳುಕಿತು ಅಂದಾಗ ಎಣ್ಣೆ ತಂದು ತಿಕ್ಕಿದಳು. ಅವಳು ತಿಕ್ಕಿದ ರಭಸಕ್ಕೆ, ನೋವಿದ್ದಿದ್ದರೆ ಅದೂ ಹೆದರಿ ಓಡಿಹೋಗುತ್ತಿತ್ತು.

ಹೀಗೆ ಅಪ್ಪ ಮಗಳು ಬರಿ ಹಗ್ಗ ಹಿಡಿದು ಬೀದಿ ಬೀದಿ ಬಿರಬಿರನೆ ನಡೆಯತೊಡಗಿದರು. ಅವರು ಇದ್ದದ್ದು ನಾಲ್ಕು ಅಂತಸ್ತಿನ ಒಂದು ಕಟ್ಟಡ. ಹದಿನಾರು ಮನೆ, ಮೂವತ್ತೆರಡು ಕಿಟಕಿ. ಕಿಟಕಿಗಳು ಯೋಚಿಸಿದವು. ಹಗ್ಗ ಇದೆ, ಪಟ್ಟಿ ಇದೆ, ಪಟ್ಟಿಯೊಳಗೆ ನಾಯಿ ಇಲ್ಲ. ಬೆಳಿಗ್ಗೆ ಸಂಜೆ ಇಬ್ಬರೂ ಅವಸರದಲ್ಲಿ ಅತ್ತ ಇತ್ತ ನೋಡುತ್ತ ಓಡುತ್ತಾರೆ. ಅಂದರೆ ಏನರ್ಥ? ನಾಯಿ ತಪ್ಪಿಸಿಕೊಂಡಿದೆ, ಹುಡುಕುತ್ತಿದ್ದಾರೆ. ಹಗ್ಗ ನೋಡಿ ಹಾವು ಅಂದುಕೊಂಡವರ ಕಥೆ ಎಲ್ಲರಿಗೂ ಗೊತ್ತು. ಹಗ್ಗ ನೋಡಿ ನಾಯಿ ಅಂದುಕೊಂಡವರು ಈ ಕಟ್ಟಡದವರೇ ಮೊದಲು.

ನೆಲಮಹಡಿಯ ಅಜ್ಜಿ ಒಮ್ಮೆ ನೇರವಾಗಿ ಕೇಳಿಯೂ ನೋಡಿದರು. ನಾಯಿ ಎಲ್ಲಪ್ಪಾ ಎಂದದ್ದಕ್ಕೆ ಗುಮಾಸ್ತ ಸತ್ಯವನ್ನೇ ಹೇಳಿದ: ಇನ್ನು ಹತ್ತು ದಿನದಲ್ಲಿ ಬರುತ್ತೆ ಅಂದ. ಅಜ್ಜಿ ಒಳಗೆ ಹೋಗಿ ಮೇಲಿನ ಅಗುಳಿ, ಕೆಳಗಿನ ಅಗುಳಿ ಎರಡನ್ನೂ ಹಾಕಿಕೊಂಡರು.

ಕಟ್ಟಡದ ಸಂಘಕ್ಕೆ ಒಬ್ಬರು ಕಾರ್ಯದರ್ಶಿ ಇದ್ದರು. ಕೆಲಸದಿಂದ ನಿವೃತ್ತರಾಗಿದ್ದರೂ ಕಾಗದದಿಂದ ಆಗಿರಲಿಲ್ಲ. ಆರನೇ ದಿನ ಗುಮಾಸ್ತನ ಬಾಗಿಲ ಸಂದಿಯಲ್ಲಿ ಅವರ ನೋಟೀಸು ಬಂತು: ಅನುಮತಿ ಪಡೆಯದೆ ತಾವು ಸಾಕಿರುವ ನಾಯಿಯಿಂದ ನಿವಾಸಿಗಳು ಭಯಭೀತರಾಗಿದ್ದು, ಈ ಬಗ್ಗೆ ಮೂರು ದಿನದೊಳಗೆ ವಿವರಣೆ ನೀಡತಕ್ಕದ್ದು.

ನೀವಾಗಿದ್ದರೆ, ನಾನಾಗಿದ್ದರೆ, ಮೇಲಿನ ಮಹಡಿಯ ಕಾರ್ಯದರ್ಶಿಗಳ ಮನೆಗೆ ಹೋಗಿ ಸ್ವಾಮೀ ನಾಯಿಯೇ ಇಲ್ಲ ಎಂದು ಹೇಳಿ ಕಾಫಿ ಕುಡಿದು ಬರುತ್ತಿದ್ದೆವು. ಹೆಂಡತಿಯೂ ಅದನ್ನೇ ಹೇಳಿದಳು. ಆದರೆ ಗುಮಾಸ್ತ ಇಪ್ಪತ್ತೊಂದು ವರ್ಷದಿಂದ ಕಚೇರಿಯ ಟಪಾಲು ಶಾಖೆಯಲ್ಲಿದ್ದ. ಊರಿನವರು ಬರೆಯುವ ದೂರುಗಳಿಗೆ ಉತ್ತರ ಬರೆಯುವುದೇ ಅವನ ಕೆಲಸ, ಮತ್ತು ಆ ಶಾಖೆಯ ಮೊದಲನೇ ಪಾಠ, ಉತ್ತರದಲ್ಲಿ 'ಇಲ್ಲ' ಎಂಬ ಶಬ್ದ ಬರಬಾರದು ಎಂಬುದು. ಇಲ್ಲ ಅಂದರೆ ಯಾಕಿಲ್ಲ ಎಂದು ಇನ್ನೊಂದು ಕಾಗದ ಬರುತ್ತದೆ. ಅದರ ಮೇಲೆ ಮೇಲ್ಮನವಿ ಬರುತ್ತದೆ. ಆಮೇಲೆ ಮೇಲಧಿಕಾರಿ ಕೆಮ್ಮುತ್ತಾನೆ. ಇಪ್ಪತ್ತೊಂದು ವರ್ಷದಲ್ಲಿ ಗುಮಾಸ್ತ ಯಾರಿಗೂ ಇಲ್ಲ ಎಂದು ಬರೆದವನಲ್ಲ. ಆದ್ದರಿಂದ ಊಟವಾದ ಮೇಲೆ ಬಿಳಿ ಹಾಳೆ ತೆಗೆದುಕೊಂಡು ಹೀಗೆ ಬರೆದ:

"ತಮ್ಮ ಪತ್ರ ತಲುಪಿದೆ. ಸದರಿ ನಾಯಿಯ ಕುರಿತು ನಿವಾಸಿಗಳಲ್ಲಿ ಉಂಟಾಗಿರುವ ಆತಂಕವನ್ನು ಗಮನಿಸಲಾಗಿದೆ. ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಸಹಿ ಹಾಕಿ, ತಾರೀಖು ಬರೆದು, ಒಂದು ಪ್ರತಿ ತನಗೂ ಇಟ್ಟುಕೊಂಡ. ಅಲ್ಲಿಯವರೆಗೆ ಬರಿ ಸುದ್ದಿಯಾಗಿದ್ದ ನಾಯಿ ಆ ಗಳಿಗೆಯಿಂದ ದಾಖಲೆಯಾಯಿತು.

ಎರಡು ದಿನ ಕಳೆದು ಅಜ್ಜಿಯ ಮೂರು ಹೂಕುಂಡ ಒಡೆದವು. ಒಡೆದದ್ದು ಗಾಳಿಯೋ ಬೆಕ್ಕೋ, ಯಾರೂ ತನಿಖೆ ಮಾಡಲಿಲ್ಲ. ತಪ್ಪಿತಸ್ಥ ಸಿದ್ಧವಾಗಿದ್ದಾಗ ತನಿಖೆ ಯಾಕೆ? ಎರಡನೇ ನೋಟೀಸು ಬಂತು. ಗುಮಾಸ್ತ ಎರಡನೇ ಉತ್ತರ ಬರೆದ: ಹೂಕುಂಡಗಳ ವಿಷಯದಲ್ಲಿ ಸದರಿ ನಾಯಿಗೆ ಸೂಕ್ತ ತಿಳುವಳಿಕೆ ನೀಡಲಾಗುವುದು.

ಇಷ್ಟಾದ ಮೇಲೆ ಕಟ್ಟಡದಲ್ಲಿ ನಾಯಿಯನ್ನು ಕಾಣದವರೇ ಉಳಿಯಲಿಲ್ಲ. ಎರಡನೇ ಮಹಡಿಯ ಟೈಲರ್ ಅದನ್ನು ನೀರಿನ ತೊಟ್ಟಿಯ ಹತ್ತಿರ ನೋಡಿದ, ಕರಿ ಬಣ್ಣ, ಕರುವಿನಷ್ಟು ಎತ್ತರ. ಅವನ ಹೆಂಡತಿ ನೋಡಿದ್ದು ಕಂದು ಬಣ್ಣ. ಹಾಗಾದರೆ ಎರಡಿವೆ ಎಂದು ಮೂರನೇ ಮಹಡಿಯವರು ತೀರ್ಮಾನಿಸಿದರು. ಮಕ್ಕಳನ್ನು ಶಾಲೆಗೆ ಗುಂಪಾಗಿ ಕಳಿಸತೊಡಗಿದರು. ಟೈಲರ್ ಕೆಳಗೆ ಇಳಿಯುವಾಗ ಗಜಕಡ್ಡಿ ಹಿಡಿದೇ ಇಳಿಯುತ್ತಿದ್ದ. ಎಲ್ಲರನ್ನೂ ನಿಜವಾಗಿ ನಡುಗಿಸಿದ್ದು ಕಾರ್ಯದರ್ಶಿಗಳ ಒಂದು ಮಾತು.

"ಬೊಗಳೋ ನಾಯಿ ಕಚ್ಚಲ್ಲ ಅಂತಾರೆ. ಇದು ಇಷ್ಟು ದಿನದಲ್ಲಿ ಒಂದು ಸಲವೂ ಬೊಗಳಿಲ್ಲ, ಗಮನಿಸಿದೀರಾ?" ಅಂದರು ಸಂಘದ ಸಭೆಯಲ್ಲಿ.

ಆ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೆವತವನು ಗುಮಾಸ್ತ. ನಾಯಿ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ತಾನು ಸಹಿ ಮಾಡಿದ ಕಾಗದ ಸುಳ್ಳಾದದ್ದು ಇಡೀ ಸರ್ವೀಸಿನಲ್ಲಿ ಉಂಟೇ? ಹದಿನಾರು ಮನೆಯವರು ನೋಡಿದ್ದಾರೆ, ಎರಡು ಪತ್ರದಲ್ಲಿ ಸದರಿ ಎಂದು ಬಂದಿದೆ, ಇನ್ನೂ ಇಲ್ಲ ಎನ್ನಲು ತಾನು ಯಾರು? ಆವತ್ತಿನಿಂದ ಮೆಟ್ಟಿಲು ಹತ್ತುವಾಗ ಗೋಡೆಗೆ ಬೆನ್ನು ಹಚ್ಚಿಕೊಂಡು ಹತ್ತಿದ. ಮೀಟರ್ ಪೆಟ್ಟಿಗೆಯ ಹಿಂದೆ ಏನೋ ಉಸಿರಾಡಿದಂತಾಗಿ ಒಮ್ಮೆ ಎರಡು ಮಹಡಿ ಒಂದೇ ದಮ್ಮಿಗೆ ಹತ್ತಿ, ಬಾಗಿಲು ಹಾಕಿಕೊಂಡು, ಹೆಂಡತಿಗೆ ನಾಯಿ ಕೆಳಗಿದೆ ಅಂದ. ಯಾವ ನಾಯಿ ಎಂದು ಅವಳು ಕೇಳಿದಳು. "ನಮ್ದೇ" ಅಂದುಬಿಟ್ಟ. ಅವಳು ಅವನ ಹಣೆ ಮುಟ್ಟಿ ನೋಡಿದಳು.

ಇಷ್ಟರಲ್ಲಿ ಕಾರ್ಯದರ್ಶಿಗಳು ಎಲ್ಲ ಕಾಗದದ ನಕಲನ್ನು ನಗರಸಭೆಯ ಲಸಿಕೆ ಅಧಿಕಾರಿಗೆ ಕಳಿಸಿಯಾಗಿತ್ತು. ಅಲ್ಲಿಂದ ಮೊಹರು ಹೊಡೆದ ಕಾಗದ ಬಂತು: ಸದರಿ ನಾಯಿಯನ್ನು ಲಸಿಕೆಗಾಗಿ ಹಾಜರುಪಡಿಸುವುದು. ಮೊಹರು ಕಂಡ ಮೇಲೆ ಗುಮಾಸ್ತನ ಕೈ ತಾನಾಗಿಯೇ ಬರೆಯಿತು: ನಾಯಿಯು ಅತಿ ಚುರುಕಿನ ಜಾತಿಗೆ ಸೇರಿದ್ದರಿಂದ ಹಾಜರುಪಡಿಸಲು ಒಂದು ವಾರದ ಕಾಲಾವಕಾಶ ಕೋರಲಾಗಿದೆ. ಅಧಿಕಾರಿ ಇಪ್ಪತ್ತು ವರ್ಷ ನಾಯಿ ಹಿಡಿದವನು. ಕಾಲಾವಕಾಶ ಎಂದರೆ ನಾಯಿ ಕೈತಪ್ಪಿದೆ, ಕೈತಪ್ಪಿದ್ದು ಲಸಿಕೆ ಇಲ್ಲದ್ದು ಎಂದು ಓದಿಕೊಂಡು ಬಲೆ ತೆಗೆಯಲು ಹೇಳಿದ.

ಹದಿನೈದನೇ ದಿನದ ಸಂಜೆ ಅಪ್ಪ ಮಗಳು ಕೊನೆಯ ಸುತ್ತು ಮುಗಿಸಿ ಬಂದರು. ಮೂವತ್ತನೇ ಚೌಕವೂ ತುಂಬಿತ್ತು. ಗೇಟಿನ ಹತ್ತಿರ ನಗರಸಭೆಯ ವ್ಯಾನು ನಿಂತಿತ್ತು. ಕಟ್ಟಡಕ್ಕೆ ಕಟ್ಟಡವೇ ಅಂಗಳದಲ್ಲಿತ್ತು. ಕಾರ್ಯದರ್ಶಿಗಳು ಎರಡು ಮೊಣಕಾಲಿಗೂ ದಪ್ಪ ರಟ್ಟು ಕಟ್ಟಿಕೊಂಡು, ಬಗ್ಗಲಾರದೆ ನೆಟ್ಟಗೆ ನಿಂತಿದ್ದರು. ಅಜ್ಜಿ ಕಿಟಕಿಯಲ್ಲಿ ಸೌಟು ಹಿಡಿದಿದ್ದರು. ನಡುವೆ, ಬಲೆಯೊಳಗೆ, ಒಂದು ನಾಯಿ ಇತ್ತು.

ಒಂದು ಕಿವಿ ಹರಿದ, ಪಕ್ಕೆಲುಬು ಎಣಿಸಬಹುದಾದ, ಮಾಸಲು ಬಣ್ಣದ ಮುದಿ ಬೀದಿನಾಯಿ. ಸ್ಕೂಟರುಗಳ ಹಿಂದೆ ಮಲಗಿತ್ತಂತೆ. ಮೊದಲು ಎಸೆದ ಬಲೆ ಗುರಿ ತಪ್ಪಿತ್ತು. ಅದನ್ನು ಬಿಡಿಸಿ, ಮಡಚಿ, ಮತ್ತೆ ಎಸೆಯುವವರೆಗೂ ಅದು ಅಲ್ಲೇ ಮಲಗಿತ್ತು ಎಂದು ಟೈಲರ್ ಹೇಳಿದ. ಆದರೂ ಇದೇ ಆ ನಾಯಿ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಕರುವಿನಷ್ಟು ಇದ್ದದ್ದು ಹೆದರಿ ಕುಗ್ಗಿದೆ ಎಂದರು.

ಸರಿಯಾಗಿ ಆಗಲೇ ನಾಯಿಮನೆಯ ಒಡತಿ ಮನೆ ನೋಡಲು ಬಂದಳು. ಜನ, ಬಲೆ, ವ್ಯಾನು ನೋಡಿ ಏನೆಂದು ಕೇಳಿ ತಿಳಿದು, ತನಗೆ ಗೊತ್ತಿದ್ದದ್ದನ್ನು ದೊಡ್ಡ ದನಿಯಲ್ಲಿ ಹೇಳಿದಳು. ಈ ಮನುಷ್ಯನ ಹತ್ತಿರ ಯಾವ ನಾಯಿಯೂ ಇಲ್ಲ, ತಾನು ಕೊಟ್ಟದ್ದು ಬರಿ ಹಗ್ಗ, ಅದೂ ಪರೀಕ್ಷೆಗೆ. ಗುಮಾಸ್ತನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಲ್ಲ ಎಂಬ ಶಬ್ದವನ್ನು ಕೊನೆಗೂ ಯಾರೋ ಹೇಳಿದರು, ತಾನು ಹೇಳಬೇಕಾಗಲಿಲ್ಲ.

ವ್ಯಾನಿನ ಪಕ್ಕ ನಿಂತಿದ್ದ ಲಸಿಕೆ ಅಧಿಕಾರಿ ತನ್ನ ಹಾಳೆಯಲ್ಲಿ ಒಂದು ಗೆರೆ ಎಳೆದ. ಹಾಗಾದರೆ ಇದಕ್ಕೆ ಮಾಲೀಕರಿಲ್ಲ, ಲಸಿಕೆಯಿಲ್ಲ, ದೂರು ಮಾತ್ರ ಏಳು ಇವೆ ಅಂದ. ಹೀಗೆ ಹೋದ ನಾಯಿಗಳು ವಾಪಸ್ ಬರುತ್ತವಾ ಎಂದು ಟೈಲರ್ ಹೆಂಡತಿ ಕೇಳಿದಳು. ಅಧಿಕಾರಿ ಅವಳ ಮುಖ ನೋಡಲಿಲ್ಲ. ವ್ಯಾನಿನ ಬಾಗಿಲು ತೆಗೆಯಲು ಹೇಳಿದ.

ಗುಮಾಸ್ತ ಆಗ ಬಲೆಯ ಕಡೆ ನೋಡಿದ. ನಾಯಿಯನ್ನು ಅಷ್ಟು ಹೊತ್ತು ಅವನು ಹುಟ್ಟಿದಾರಭ್ಯ ನೋಡಿರಲಿಲ್ಲ. ಅದು ಬೊಗಳುತ್ತಿರಲಿಲ್ಲ, ಹಲ್ಲು ಕಿರಿಯುತ್ತಿರಲಿಲ್ಲ. ಅದರ ಹಿಂಗಾಲು ಗಡಗಡ ನಡುಗುತ್ತಿದ್ದವು. ಆ ನಡುಕ ಎಂಥದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಣಕಾಲಿನ ಹಿಂದೆ ಶುರುವಾಗುತ್ತದೆ, ನಿಲ್ಲು ಅಂದರೆ ನಿಲ್ಲುವುದಿಲ್ಲ. ಅವನಿಗೆ ಅಯ್ಯೋ ಅನ್ನಿಸಿತು. ತನ್ನ ಮೂರು ಕಾಗದದಿಂದ ಈ ಬಡಪಾಯಿಗೆ ಈ ಗತಿ ಬಂತಲ್ಲ ಎಂದುಕೊಂಡ.

"ಅದು ನಂದು" ಅಂದ.

ದನಿ ಸಣ್ಣಗೆ ಬಂತು. ಇನ್ನೊಮ್ಮೆ ಹೇಳಬೇಕಾಯಿತು. ಪತ್ರಗಳಿವೆ, ಸಹಿ ನನ್ನದೇ, ತಾರೀಖು ಇದೆ, ಬೇಕಾದರೆ ನೋಡಬಹುದು ಅಂದ. ಕಾರ್ಯದರ್ಶಿಗಳು ಜೀವ ಬಂದವರಂತೆ ರಟ್ಟಿನ ಕಾಲಿನಲ್ಲೇ ಮುಂದೆ ಬಂದು ಫೈಲು ಬಿಚ್ಚಿದರು. ಅಧಿಕಾರಿ ಮೂರು ಉತ್ತರವನ್ನೂ ಓದಿದ. ನಾಯಿಯನ್ನು ನೋಡಿದ. ಅತಿ ಚುರುಕಿನ ಜಾತಿ ಅಂತ ಬರೆದಿದೆಯಲ್ಲ ಅಂದ. ನಾಯಿ ಬಲೆಯೊಳಗೆ ಮುಂಗಾಲ ಮೇಲೆ ತಲೆ ಇಟ್ಟುಕೊಂಡಿತು.

ಒಡತಿ ಗುಮಾಸ್ತನ ಮುಖ ನೋಡಿದಳು, ಅವನ ಮೊಣಕಾಲು ನೋಡಿದಳು. "ಚುರುಕೆಲ್ಲ ಒಳಗಿದೆ" ಎಂದು ಅಧಿಕಾರಿಗೆ ಹೇಳಿದಳು. ಆಮೇಲೆ ಗುಮಾಸ್ತನಿಗೆ ಮಾತ್ರ ಕೇಳುವಂತೆ, "ನನ್ನ ನಾಯಿ ನಿಮಗೆ ಕೊಡಲ್ಲ. ನಿಮ್ಮ ಬದುಕಿಗೆ ಅದು ಸರಿಬರಲ್ಲ, ಅದರ ಬದುಕಿಗೆ ನೀವು ಸರಿಬರಲ್ಲ" ಅಂದಳು. ಹದಿನೈದು ದಿನದಿಂದ ಅವನು ಕಾದಿದ್ದ ಮಾತು. ಅದನ್ನು ಕೇಳಿ ಸಂತೋಷಪಡಲು ಅವನಿಗೆ ಪುರಸೊತ್ತಿರಲಿಲ್ಲ.

ಯಾಕೆಂದರೆ ಅಧಿಕಾರಿ ಒಂದು ಷರತ್ತು ಹಾಕಿದ್ದ. ನಿಮ್ಮ ನಾಯಿ ಅಂದಮೇಲೆ ಪಟ್ಟಿ ನೀವೇ ಹಾಕಿ, ಹಾಕಿಸಿಕೊಂಡರೆ ನಿಮ್ಮದು ಎಂದು ಬರೆದು ಸೂಜಿ ಹಾಕಿ ಹೋಗುತ್ತೇನೆ ಅಂದ. ಇಬ್ಬರು ಬಲೆಯ ಬಾಯಿ ಸಡಿಲಿಸಿ ಹಿಂದೆ ಸರಿದರು. ನಾಯಿಯ ತಲೆ ಹೊರಗೆ ಬಂತು. ಹದಿನಾರು ಮನೆಯವರೂ ಎರಡು ಹೆಜ್ಜೆ ಹಿಂದೆ ಹೋದರು.

ಗುಮಾಸ್ತ ಹೇಗೋ ನಾಯಿಯಿಂದ ಒಂದು ಮಾರು ದೂರದವರೆಗೆ ನಡೆದು ಮಂಡಿಯೂರಿದ. ಅಲ್ಲಿಗೆ ಅವನ ಶಕ್ತಿ ಮುಗಿಯಿತು. ಪಟ್ಟಿ ಕೈಯಲ್ಲೇ ಉಳಿಯಿತು. ಪಕ್ಕದಲ್ಲಿ ಮಗಳು ಬಂದು ಕೂತದ್ದು ಅವಳ ಬೂಟಿನಿಂದ ಗೊತ್ತಾಯಿತು. ಇನ್ನು ಮುಚ್ಚಿಡುವುದು ಏನಿತ್ತು? ಇಷ್ಟು ವರ್ಷ ಕಾಪಾಡಿದ್ದು ಈ ಅಂಗಳದಲ್ಲೇ ಹೋಗಲಿ ಎಂದುಕೊಂಡ.

"ಮಗಾ, ನಂಗೆ ನಾಯಿ ಅಂದ್ರೆ ತುಂಬಾ ಭಯ" ಅಂದ.

"ಗೊತ್ತಪ್ಪಾ" ಅಂದಳು ಮಗಳು. "ಒಂದನೇ ಕ್ಲಾಸಿಂದ ಗೊತ್ತು. ಸ್ಕೂಲಿಗೆ ಹೋಗೋವಾಗ ದಿನಾ ನಾಯಿ ಇರೋ ಕಡೆ ನಾನೇ ನಡೀತೀನಲ್ಲ. ನೀನೇ ನಾಯಿ ಬೇಕು ಅಂದಾಗ, ಸರಿ, ಅಭ್ಯಾಸ ಆಗ್ಲಿ ಅಂತ ಜೊತೆಗೆ ಬಂದೆ."

ಗುಮಾಸ್ತ ಅವಳ ಕಡೆ ತಿರುಗಿ ನೋಡಿದ. ನಾಲ್ಕು ವರ್ಷದಿಂದ ಪ್ರತಿದಿನ ಮಗಳನ್ನು ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗುತ್ತಿರುವವನು ತಾನು ಎಂದು ಅವನು ತಿಳಿದುಕೊಂಡಿದ್ದ.

ಮಗಳು ಎದ್ದು, ಅವನನ್ನು ದಾಟಿ, ನಾಯಿಯ ಕಡೆಗೆ ಹೋಗಿ ಕೂರಲು ಹೊರಟಳು. ಅವನು ಅವಳ ತೋಳು ಹಿಡಿದು ಇದ್ದಲ್ಲೇ ಕೂರಿಸಿದ. ಮಂಡಿಯಲ್ಲೇ ಒಂದಿಷ್ಟು ಮುಂದೆ ತೆವಳಿದ. ನಾಯಿ ನಡುಗುತ್ತಿತ್ತು, ಅವನೂ ನಡುಗುತ್ತಿದ್ದ, ಪಟ್ಟಿ ಮೊದಲ ಸಲ ಅದರ ಮೂಗಿಗೆ ಬಡಿದು ಎರಡನೇ ಸಲ ಕೊರಳು ಸೇರಿತು. ಬೆರಳ ಕೆಳಗೆ ಕೂದಲು ಒರಟಾಗಿತ್ತು, ಬೆಚ್ಚಗಿತ್ತು.

"ಯಾವ ತೂತಿಗೆ ಹಾಕ್ಲಿ?" ಎಂದು ಕೇಳಿದ.

"ಮೂರನೇದಕ್ಕೆ" ಅಂದಳು ಮಗಳು. "ಕಣ್ಣು ಬಿಡಪ್ಪಾ, ಕಾಣುತ್ತೆ."